ತುಟಿ ಎಣಿಸುವ ನಿಗಾರ್

ಹನ್ನೊಂದು ಜನ ಕಣ್ಣೊರೆಸಿಕೊಳ್ಳುತ್ತಿದ್ದ ಕೋಣೆಯಲ್ಲಿ ನಾನೊಬ್ಬನೇ ನಕ್ಕೆ. ಮುಸಿಮುಸಿ ನಕ್ಕಿದ್ದರೆ ಕೆಮ್ಮೆಂದು ಸಾಗಹಾಕಬಹುದಿತ್ತು. ಇದು ಬಾಯಲ್ಲಿದ್ದ ಚಹಾವನ್ನೂ ಕರೆದುಕೊಂಡು ಹೊರಗೆ ಬಂದ ನಗೆ. ಮುಂದಿನ ಕುರ್ಚಿಯಲ್ಲಿದ್ದ ಹೆಣ್ಣುಮಗಳು ತಿರುಗಿ ನೋಡಿದಳು. ಸೆರಗಿನಿಂದ ಮೊದಲು ತನ್ನ ಕಣ್ಣು, ಆಮೇಲೆ ಹೆಗಲ ಮೇಲೆ ಬಿದ್ದ ನನ್ನ ಚಹಾ ಒರೆಸಿಕೊಂಡಳು.

ಅದು ರಾಯಚೂರು ಜಿಲ್ಲೆ ಮಾನ್ವಿಯ ಒಂದು ಹಳೆಯ ಅಕ್ಕಿ ಗೋದಾಮು. ಎದುರಿನ ಬಿಳಿ ಪರದೆಯ ಮೇಲೆ ತಾಂಜಾನಿಯಾ ದೇಶದ ಹಲೀಮಾ ಎಂಬ ಕಪ್ಪು ಹೆಂಗಸು, ಅಕ್ಕಿ ಮಿಲ್ಲೊಂದರ ಗೇಟಿನ ಮುಂದೆ ತಗಡಿನ ಸಂದೂಕದ ಮೇಲೆ ಕೂತಿದ್ದಳು. ಎದ್ದು ಹೋಗೆಂದ ಕಾವಲುಗಾರನಿಗೆ ಅವಳು ಅಂದದ್ದು ಇಷ್ಟು: "ಎಲ್ಲಿಗಿ ಹೋಗಲೋ ಯಪ್ಪಾ? ಇಲ್ಲೇ ಕುಂದ್ರಾಕಿ ನಾ. ಹಕ್ಕ ನಂದು!"

ಪಕ್ಕದ ತಾಲೂಕು ದೇವದುರ್ಗದ ಅಪ್ಪಟ ದನಿ. ಆಫ್ರಿಕಾದ ಮುಖ. ನನಗೆ ತಡೆಯಲಾಗಲಿಲ್ಲ.

ಸಿನಿಮಾ ನಿಂತಿತು. ಲ್ಯಾಪ್‌ಟಾಪಿನ ಹಿಂದೆ ಕೂತಿದ್ದ ನಿಗಾರ್ ಆಪಾ ನನ್ನ ಕಡೆ ನೋಡದೆಯೇ ಕೇಳಿದರು, "ಸರ, ಮುಗೀತೇನ್ರಿ ನಿಮ್ದು? ಮುಂದ ಬಿಡ್ಲಿ?"

ನನ್ನ ಪರಿಚಯ ಹೇಳಿಬಿಡುತ್ತೇನೆ, ತಪ್ಪು ಯಾರದೆಂದು ತಿಳಿಯಲು ಅದು ಬೇಕು. ನಾನು ಜಗದೀಶ. ವಾರದಲ್ಲಿ ಐದು ದಿನ ರಾಯಚೂರಿನ ಕಾಲೇಜೊಂದರಲ್ಲಿ ವಾಣಿಜ್ಯಶಾಸ್ತ್ರ ಕಲಿಸುತ್ತೇನೆ, ಉಳಿದ ದಿನ ವೇದಿಕೆ ಹತ್ತಿ ಜನರನ್ನು ನಗಿಸುತ್ತೇನೆ. ಎರಡೂ ಕಡೆ ಜನ ಎದ್ದು ಹೋಗುತ್ತಾರೆ. ಕಾಲೇಜಿನವರು ಹಾಜರಿ ಹಾಕಿಸಿಕೊಂಡು ಹೋಗುತ್ತಾರೆ ಎನ್ನುವುದಷ್ಟೇ ವ್ಯತ್ಯಾಸ. ನನ್ನ ಹಾಸ್ಯದ ಬಂಡವಾಳ ಒಂದೇ, ನಮ್ಮ ರಾಯಚೂರಿನ ಮಾತು. ಮೈಸೂರು ಕಡೆಯ ಸಭೆಯಲ್ಲಿ "ಎಲ್ಲಿಗಿ ಹೊಂಟೀರಿ" ಎಂದರೆ ಸಾಕು, ಮುಂದಿನ ಸಾಲಿನವರು ತೊಡೆ ತಟ್ಟಿಕೊಳ್ಳುತ್ತಾರೆ. ಅದರಲ್ಲಿ ನಗುವಂಥದ್ದೇನಿದೆ ಎಂದು ಇಪ್ಪತ್ತು ವರ್ಷದಲ್ಲಿ ಒಮ್ಮೆಯೂ ನಾನು ಕೇಳಿಕೊಂಡಿರಲಿಲ್ಲ. ಶಾಲು ಹೊದಿಸುತ್ತಿದ್ದರು, ಹೊದ್ದುಕೊಳ್ಳುತ್ತಿದ್ದೆ.

ಇನ್ನು ನಿಗಾರ್ ಆಪಾ, ಊರಿಗೆಲ್ಲ ಅಕ್ಕ. ಮಾನ್ವಿಯಲ್ಲಿ ಹುಟ್ಟಿ ಹತ್ತನೆಯ ತರಗತಿ ಪಾಸಾಗಿ, ಅಕ್ಕಿ ಮಿಲ್ಲಿನ ಫಿಟರ್ ಮೌಲಾಸಾಬರನ್ನು ಮದುವೆಯಾದವರು. ಯಂತ್ರದ ಕಂಪನಿಯೊಂದು ಗಂಡನನ್ನು ತಾಂಜಾನಿಯಾದ ಮ್ವಾಂಜಾ ಪಟ್ಟಣಕ್ಕೆ ಮಿಲ್ಲು ಕೂಡಿಸಲು ಕಳಿಸಿತು. ಹೆಂಡತಿಯೂ ಹೋದರು. ಪಕ್ಕದ ಮನೆಯಲ್ಲಿ ರೆಹೆಮಾ ಎಂಬ ಹೆಂಗಸು ಎರಡು ಕೋಣೆಯಲ್ಲಿ ಸಿನಿಮಾ ಕಂಪನಿ ನಡೆಸುತ್ತಿದ್ದಳು. ಹೆಸರು ಜಿರಾನಿ ಪಿಕ್ಚರ್ಸ್. ಸ್ವಾಹಿಲಿ ಭಾಷೆಯಲ್ಲಿ ಜಿರಾನಿ ಎಂದರೆ ನೆರೆಮನೆಯವರು. ಹೆಸರಿಗೆ ತಕ್ಕಂತೆ ಓಣಿಯವರ ಮನೆಯೇ ಸೆಟ್ಟು, ಓಣಿಯವರೇ ನಟರು, ಅವರವರ ಬಟ್ಟೆ ಅವರವರೇ ತರಬೇಕು. ಹನ್ನೆರಡು ದಿನಕ್ಕೊಂದು ಸಿನಿಮಾ. ನಿಗಾರ್ ಆಪಾ ಮೊದಲ ದಿನ ಹದಿನೈದು ಮಂದಿಗೆ ಪಲಾವು ಮಾಡಿಕೊಂಡು ಹೋದರು. ಎರಡನೆಯ ದಿನ ಬಡಿಸುತ್ತಾ ನಿಂತವರು, "ನಿನ್ನಿ ಈಕಿ ಕಿವ್ಯಾಗ ಓಲಿ ಇದ್ದಿಲ್ಲ" ಎಂದು ಕೈಸನ್ನೆಯಲ್ಲಿ ತೋರಿಸಿದರು. ರೆಹೆಮಾ ಸೌಟು ಕಸಿದುಕೊಂಡು ಅವರ ಕೈಗೆ ನೋಟ್‌ಬುಕ್ಕು ಕೊಟ್ಟಳಂತೆ. ಎಂಟು ವರ್ಷದಲ್ಲಿ ಅವರು ಕಂಪನಿಯ ಅರ್ಧ ಪಾಲುದಾರರಾದರು.

"ಭಾಷಿ ಹ್ಯಾಂಗ ಕಲಿತ್ರಿ ಆಪಾ?" ಎಂದು ಒಮ್ಮೆ ಕೇಳಿದ್ದೆ.

"ಕಲಿಯೋದೇನದ? ಅರ್ಧ ನಮ್ಮ ಮನ್ಯಾಗ ಇತ್ತಲ್ರಿ. ಅವರು ಸಂದುಕು ಅಂತಾರ, ನಾವು ಸಂದೂಕ. ಅವರು ಹಬಾರಿ, ನಾವು ಖಬರ. ಅವರು ವಕಾತಿ, ನಾವು ವಖ್ತ. ದುನಿಯಾ ಎಲ್ಲಿ ಹೋದ್ರೂ ದುನಿಯಾನ."

ಅತ್ತೆಗೆ ಹುಷಾರಿಲ್ಲದಾಗಿ ಗಂಡಹೆಂಡತಿ ಮಾನ್ವಿಗೆ ಮರಳಿದರು. ಅಂದಿನಿಂದ ರೆಹೆಮಾ ಅಲ್ಲಿ ಚಿತ್ರೀಕರಿಸಿ ಕಳಿಸುತ್ತಾಳೆ, ನಿಗಾರ್ ಆಪಾ ಇಲ್ಲಿ ಕತ್ತರಿಸಿ, ಜೋಡಿಸಿ, ಶಬ್ದ ಕೂಡಿಸಿ ಮರಳಿ ಕಳಿಸುತ್ತಾರೆ. ಗೋದಾಮಿನ ನಾಲ್ಕೂ ಗೋಡೆಗೆ ನೆಲ್ಲಿನ ಹೊಟ್ಟು ತುಂಬಿದ ಗೋಣಿಚೀಲ ಒಟ್ಟಿದ್ದಾರೆ, ಹೊರಗಿನ ಸದ್ದು ಒಳಗೆ ಬರದಂತೆ. ಹೊರಗೆ ಬೋರ್ಡು: ಜಿರಾನಿ ಪಿಕ್ಚರ್ಸ್, ಮ್ವಾಂಜಾ ಮತ್ತು ಮಾನ್ವಿ. ಮೊದಲ ಆರು ತಿಂಗಳು ಕಿರಾಣಿ ಅಂಗಡಿಯವರು ಬಂದು ಜೀರಾ ಹೋಲ್‌ಸೇಲ್ ರೇಟು ಕೇಳಿ ಹೋಗುತ್ತಿದ್ದರು.

ಈ ಸಿನಿಮಾಗಳು ನಮ್ಮವರಿಗೂ ಅರ್ಥವಾಗಲಿ ಎಂದು ಅವರು ಡಬ್ಬಿಂಗ್ ಶುರುಮಾಡಿದರು, ಬರೆದ ಮಾತು ನೋಡಿಕೊಡಲು ನನ್ನನ್ನು ಕರೆದರು. ಅವರು ಡಬ್ ಮಾಡುವ ರೀತಿ ನೋಡಬೇಕು. ಶಬ್ದ ಬಂದ್ ಮಾಡಿ, ಪರದೆಯ ಮೇಲಿನ ತುಟಿಯನ್ನಷ್ಟೇ ನೋಡುತ್ತಾ ಬೆರಳ ಗೆಣ್ಣಿನ ಮೇಲೆ ಎಣಿಸುತ್ತಾರೆ. ಬಾಯಿ ಎಷ್ಟು ಸಲ ತೆರೆಯಿತು, ತುಟಿ ಎಲ್ಲಿ ಕೂಡಿತು. ಪ, ಬ, ಮ ಬಂದಲ್ಲಿ ತುಟಿ ಮುಚ್ಚುತ್ತದೆ. ಅಲ್ಲಿ ನಮ್ಮ ಮಾತಿನಲ್ಲೂ ಪ, ಬ, ಮ ಇರಲೇಬೇಕು. ಹಲೀಮಾ ಸ್ವಾಹಿಲಿಯಲ್ಲಿ ಹೇಳಿದ್ದು "ಹಕಿ ಯಂಗು", ನನ್ನ ಹಕ್ಕು ಎಂದು. ನಾಲ್ಕು ಸಲ ಬಾಯಿ ಆಡಿತು, ತುಟಿ ಎಲ್ಲೂ ಕೂಡಲಿಲ್ಲ. "ಹಕ್ಕ ನಂದು." ನಾಲ್ಕಕ್ಕೆ ನಾಲ್ಕು. ಅದನ್ನು ನಾನು "ನನ್ನ ಹಕ್ಕಿದು" ಎಂದು ತಿದ್ದಿಕೊಟ್ಟಿದ್ದೆ. ಆಪಾ ಚೀಟಿ ಓದಿ, ಮಡಚಿ, ಅಲುಗಾಡುತ್ತಿದ್ದ ಮೇಜಿನ ಕಾಲಿಗೆ ಕೊಟ್ಟರು.

ಆ ಸಿನಿಮಾದ ಹೆಸರು 'ಗೇಟು'. ಹಲೀಮಾಳ ಗಂಡ ಮಿಲ್ಲಿನ ಯಂತ್ರದ ಬೆಲ್ಟಿಗೆ ಸಿಕ್ಕಿ ಸಾಯುತ್ತಾನೆ. ಅಂಥವನು ನಮ್ಮಲ್ಲಿ ಕೆಲಸಕ್ಕೇ ಇರಲಿಲ್ಲ ಎನ್ನುತ್ತಾನೆ ಮಾಲೀಕ. ಹಲೀಮಾ ಬೇರೇನೂ ಕೇಳುವುದಿಲ್ಲ. ಮಾಲೀಕ ಗೇಟಿಗೆ ಬಂದು, ಅವನು ಇಲ್ಲಿ ದುಡಿಯುತ್ತಿದ್ದ ಎಂದು ಹೆಸರು ಹಿಡಿದು ಒಂದು ಮಾತು ಹೇಳಬೇಕು, ಅಷ್ಟೇ.

ಹಲೀಮಾಗೆ ದನಿ ಕೊಟ್ಟವಳು ಮುದುಕಮ್ಮ. ನನ್ನ ಚಹಾ ಸಿಡಿದದ್ದು ಅವಳ ಹೆಗಲಿಗೇ. ದೇವದುರ್ಗ ತಾಲೂಕಿನವಳು. ವಯಸ್ಸು ಇಪ್ಪತ್ತಾರು. ಅವರ ಕಡೆ ಮುದುಕಮ್ಮ ಎಂಬುದು ದೇವಿಯ ಹೆಸರು, ತೊಟ್ಟಿಲಲ್ಲಿರುವ ಕೂಸಿಗೂ ಇಡುತ್ತಾರೆ. ನೆಲ್ಲು ನಾಟಿ ಹಚ್ಚುವ ಕೆಲಸಕ್ಕೆ ಗುಂಪಿನೊಡನೆ ಮಾನ್ವಿಗೆ ಬಂದವಳು, ನಿಲ್ಲಿಸದೆ ಹೊರಟ ಬಸ್ಸಿಗೆ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬೈಯುತ್ತಿದ್ದಾಗ ಆ ದನಿ ರಸ್ತೆಯಾಚೆ ನಿಗಾರ್ ಆಪಾಗೆ ಕೇಳಿತು. ಗೇಟಿನ ದೃಶ್ಯವನ್ನು ಅವಳು ಒಂದೇ ಸಲಕ್ಕೆ ಹೇಳಿ ಮುಗಿಸಿದಳು. ಯಾಕೆಂದು ಆಮೇಲೆ ತಿಳಿಯಿತು. ಅವಳ ಅಣ್ಣ ಬೆಂಗಳೂರಿನಲ್ಲಿ ಬಿಲ್ಡಿಂಗ್ ಕೆಲಸಕ್ಕೆ ಹೋಗಿ ಐದನೆಯ ಮಹಡಿಯಿಂದ ಬಿದ್ದಿದ್ದ. ಗುತ್ತಿಗೆದಾರ, ಈ ಮುಖ ನೋಡೇ ಇಲ್ಲ ಎಂದ. ಇವಳು ಆ ಬಿಲ್ಡಿಂಗಿನ ತಗಡಿನ ಗೇಟಿನ ಮುಂದೆ ಮೂರು ದಿನ ನಿಂತು ಬಂದಿದ್ದಳು.

ಇದೆಲ್ಲ ಗೊತ್ತಿಲ್ಲದ ನಾನು ನಕ್ಕೆ. ನಕ್ಕು ಅಷ್ಟಕ್ಕೇ ಬಿಟ್ಟಿದ್ದರೂ ಆಗುತ್ತಿತ್ತು. ಆ ನಲವತ್ತು ಸೆಕೆಂಡು ಫೋನಿನಲ್ಲಿ ಹಿಡಿದಿದ್ದೆ. ರಾಯಚೂರಿನ ಬಸ್ಸು ಹತ್ತಿದವನೇ, ಹಾಸ್ಯಗಾರರ ವಾಟ್ಸಾಪ್ ಗುಂಪಿಗೆ 'ಆಫ್ರಿಕಾದಾಗ ನಮ್ಮ ದೇವದುರ್ಗ' ಎಂದು ಬರೆದು ಹಾಕಿದೆ. ಕಲ್ಲೂರು ದಾಟುವಷ್ಟರಲ್ಲಿ ಎಪ್ಪತ್ತು ಜನ ಹಲ್ಲು ಕಿಸಿದ ಗೊಂಬೆ ಕಳಿಸಿದ್ದರು. ನಾನು ಊರು ಗೆದ್ದವನಂತೆ ಕಿಟಕಿಯಾಚೆ ನೋಡಿದೆ.

ವಾರದೊಳಗೆ ಬೆಂಗಳೂರಿನ ಚಾನೆಲ್ಲೊಂದು ಯಾರನ್ನೂ ಕೇಳದೆ ಅದನ್ನೆತ್ತಿಕೊಂಡು, ಹಿಂದೆ ಡೊಳ್ಳಿನ ಸದ್ದು, ಮುಂದೆ ನಗೆಯ ಅಲೆ ಸೇರಿಸಿ ಬಿಟ್ಟಿತು. ಎಂಟು ಲಕ್ಷ ಜನ ನೋಡಿದರು. ಗಂಡನನ್ನು ಕಳೆದುಕೊಂಡವಳೊಬ್ಬಳು ಗೇಟಿನ ಮುಂದೆ ಯಾಕೆ ಕೂತಿದ್ದಾಳೆ ಎಂದು ಆ ಎಂಟು ಲಕ್ಷದಲ್ಲಿ ಒಬ್ಬ ಮುಂಡೇಮಗನೂ ಕೇಳಲಿಲ್ಲ. ಮೊದಲು ಕೇಳಬೇಕಿದ್ದ ಮುಂಡೇಮಗ ನಾನು.

ಮುದುಕಮ್ಮ ಮಾನ್ವಿಯಿಂದ ಊರಿಗೆ ಹೊರಟಿದ್ದಳು. ಕಂಡಕ್ಟರು, "ಆಧಾರ ತೋರಸವ್ವ" ಎಂದ. ಅವಳು ಚೀಲದಲ್ಲಿ ಹುಡುಕುತ್ತಾ, "ತಡೀರಿ, ತೆಗ್ಯಾಕತ್ತೀನಿ" ಎಂದಳು. ಎಂಟು ಲಕ್ಷ ಜನ ಕೇಳಿದ ದನಿ. ಹಿಂದಿನ ಸೀಟಿನವನೊಬ್ಬ ಗುರುತು ಹಿಡಿದ. "ಹಕ್ಕ ನಂದು!" ಎಂದು ಕೂಗಿದ. ಇಡೀ ಬಸ್ಸು ಕಿಲಕಿಲ ಎಂದಿತು. ಕಂಡಕ್ಟರು ಸಹಿತ ನಕ್ಕ. ಮುದುಕಮ್ಮ ಮುಂದಿನ ಸ್ಟಾಪಿಗೆ ಇಳಿದು, ಎದುರಿನ ಬಸ್ಸು ಹಿಡಿಯದೆ, ಬಿಸಿಲಲ್ಲಿ ನಡೆದು ಗೋದಾಮಿಗೆ ವಾಪಸು ಬಂದಳು.

"ನನ್ನ ದನಿ ತೆಗೀರಿ ಆಪಾ. ಪಿಚ್ಚರ್‌ನಾಗ ಯಾರ್ದರೆ ಹಚ್ರಿ. ನಮ್ಮಣ್ಣನ್ನ ಇನ್ನೊಮ್ಮಿ ಗೇಟಿಗಿ ತಂದು ಮಂದಿ ಮುಂದ ನಿಂದರಿಸ್ದಂಗ ಆಗ್ಯದ."

ಮರುದಿನ ನನಗೆ ಬುಲಾವು ಬಂತು. ಹೋಗುವ ದಾರಿಯುದ್ದಕ್ಕೂ, ವಿಡಿಯೊ ಹೇಗೆ ಸೋರಿತೋ ತಿಳಿಯದು ಎಂಬ ಮಾತನ್ನು ಅಭ್ಯಾಸ ಮಾಡಿದೆ. ಆಪಾ ಕೂರಲೂ ಹೇಳಲಿಲ್ಲ. ವಿಡಿಯೊ ಹಚ್ಚಿದರು. ಚಾನೆಲ್ಲಿನ ನಗೆಗೂ ಒಂದು ಕ್ಷಣ ಮೊದಲು ಒಂದು ಒಂಟಿ ನಗೆ ಕೇಳಿಸಿತು, ಚಹಾ ಬೆರೆತದ್ದು.

"ಮೊದಲ್ನೇ ನಗಿ ನಿಮ್ದೇ ಅದಲ್ರಿ ಸರ. ಉಳಿದದ್ದು ಅವರು ಆಮ್ಯಾಲ ಹಚ್ಯಾರ."

"ತಪ್ಪಾತ್ರಿ ಆಪಾ."

"ತಪ್ಪಲ್ರಿ, ರೂಢಿ. ನಮ್ಮ ಬಾಯಿ ಮಾರಿ ಮನಿ ಕಟ್ಟೀರಿ. ಆ ಮನ್ಯಾಗ ಕುಂತಾದ್ರೂ ಒಂದಿನ ನಾಚಿಕಿ ಬರಲಿಲ್ಲೇನ್ರಿ? ಹೊಟ್ಟಿ ಉರಿಯಾಕತ್ತದ ನಂದು. ಆ ಹುಡುಗಿ ಎದಿ ಒಡಕೊಂಡು ಹೇಳ್ಯಾಳ, ನೀವು ಕಚಗುಳಿ ಇಟ್ಟವರಂಗ ನಗ್ತೀರಿ!"

ಅಷ್ಟರಲ್ಲಿ ಲ್ಯಾಪ್‌ಟಾಪು ಗುಂಯ್ ಎಂದಿತು. ಚಾನೆಲ್ಲಿನ ಕಾರ್ಯಕ್ರಮಗಳ ಮುಖ್ಯಸ್ಥೆ ಸ್ವಪ್ನಾ, ವಿಡಿಯೊ ಕರೆಯಲ್ಲಿ. ಆಪಾ ನನ್ನನ್ನು ಪಕ್ಕಕ್ಕೆ ಸರಿಸಿ ಎತ್ತಿಕೊಂಡರು.

"ಹಾಯ್ ಮೇಡಂ! ಆಫೀಸಲ್ಲಿ ಎಲ್ರೂ ಬಿದ್ದೂ ಬಿದ್ದೂ ನಕ್ವಿ. ಆ ಅಜ್ಜಿಗೆ ಎಷ್ಟು ವಯಸ್ಸು?"

"ಯಾವ ಅಜ್ಜಿರಿ?"

"ಅದೇ, ನಿಮ್ಮ ಪೇಜಲ್ಲಿ ಮುದುಕಮ್ಮ ಅಂತ ಹೆಸರು ಹಾಕಿದ್ದೀರಲ್ಲ."

"ಇಪ್ಪತ್ತಾರು. ನಿಮ್ಮ ಹೆಸರೇನ್ರಿ?"

"ಸ್ವಪ್ನಾ."

"ಎಚ್ಚರ ಅದೀರಿಲ್ಲೊ?"

ಸ್ವಪ್ನಾ ನಕ್ಕು ವಿಷಯಕ್ಕೆ ಬಂದರು. ಸಿನಿಮಾ ಅವರಿಗೆ ಬೇಕು. ಎರಡು ದಾರಿ. ಮುದುಕಮ್ಮನ ದನಿಯೇ ಇರಲಿ ಎಂದರೆ ಭಾನುವಾರದ ಕಾಮಿಡಿ ಹೊತ್ತಿಗೆ, ನಗೆ ಅವರೇ ಸೇರಿಸಿಕೊಳ್ಳುತ್ತಾರೆ. ಗಂಭೀರವಾಗಿಯೇ ಇರಲಿ ಎಂದರೆ ಬೆಂಗಳೂರಿನ ಕಲಾವಿದರಿಂದ 'ನೀಟಾಗಿ' ಡಬ್ ಮಾಡಿಸುತ್ತಾರೆ.

"ನಮ್ಮ ಮಾತಿನ್ಯಾಗ ದುಃಖ ಹೇಳಾಕ ಬರಂಗಿಲ್ಲೇನ್ರಿ?"

"ಹಾಗಲ್ಲ ಮೇಡಂ. ಆಡಿಯನ್ಸಿಗೆ ಆ ಸ್ಲ್ಯಾಂಗ್ ಕೇಳಿದ ತಕ್ಷಣ ನಗು ಬಂದ್ಬಿಡುತ್ತೆ. ಅಭ್ಯಾಸ ಆಗಿದೆ."

"ಅಭ್ಯಾಸ ಮಾಡಿಸ್ದವರು ಯಾರ್ರಿ?" ಆಪಾ ನನ್ನ ಕಡೆ ನೋಡಲಿಲ್ಲ. ನಾನು ನನ್ನ ಚಪ್ಪಲಿಯ ಕಡೆ ನೋಡಿಕೊಂಡೆ. "ನಿಮ್ಮ ಸೀರಿಯಲ್‌ನಾಗ ಕಸ ಹೊಡಿಯಾಕಿ ನಮ್ಮ ಮಾತು, ಮಾಲೀಕ ನಿಮ್ಮ ಮಾತು. ಒಬ್ಬ ಡಾಕ್ಟರಿಗರೆ ನಮ್ಮ ನಾಲಿಗಿ ಕೊಟ್ಟೀರೇನ್ರಿ? ಮನ್ಯಾಗ ಹೆಣಾ ಇಟ್ಕೊಂಡು ಅಳುವಾಗ ನಮ್ಮ ಮಂದಿ ನಿಮ್ಮ ಭಾಷಿ ಕಡ ತಂದು ಅಳಬೇಕೇನ್ರಿ?"

"ಮೇಡಂ, ಎಮೋಷನಲ್ ಆಗ್ಬೇಡಿ. ಒಂದು ಸ್ಯಾಂಪಲ್ ಕಳಿಸ್ತೀವಿ, ನೋಡಿ."

ನಾಲ್ಕು ದಿನದಲ್ಲಿ ಸ್ಯಾಂಪಲ್ ಬಂತು. ಆಪಾ ಮುದುಕಮ್ಮನನ್ನೂ ಕರೆಸಿ ಕೂರಿಸಿದರು. ಪರದೆಯ ಮೇಲೆ ಹಲೀಮಾ ಬಾಯಿ ತೆರೆದಳು. ಎಫ್‌ಎಂ ರೇಡಿಯೊದಲ್ಲಿ ಶುಭೋದಯ ಹೇಳುವಂಥ ಇಂಪಾದ ದನಿ ಬಂತು: "ಇದು ನನ್ನ ನ್ಯಾಯಬದ್ಧವಾದ ಅಧಿಕಾರ." 'ಹಕ್ಕು' ಎಂದರೆ ಚಳವಳಿಯ ಥರ ಕೇಳಿಸುತ್ತದೆ ಎಂದು ಬದಲಿಸಿದ್ದರಂತೆ. 'ಬದ್ಧ' ಎನ್ನುವಲ್ಲಿ ತುಟಿ ಕೂಡಬೇಕಿತ್ತು, ಹಲೀಮಾಳ ಬಾಯಿ ಆ ಅಂದಂತೆ ತೆರೆದೇ ಇತ್ತು. 'ಅಧಿಕಾರ' ಬರುವ ಹೊತ್ತಿಗೆ ಅವಳು ಮಾತು ಮುಗಿಸಿ, ಬಾಯಿ ಮುಚ್ಚಿ, ನಮಗೆ ಬೆನ್ನು ಹಾಕಿ ಕೂತಾಗಿತ್ತು. ದನಿ ಮಾತ್ರ ಇನ್ನೂ ಬರುತ್ತಿತ್ತು.

ಮುದುಕಮ್ಮ ಪರದೆಯ ಕಡೆ ಬೆರಳು ಮಾಡಿದಳು. "ಈಕಿ ಬೆನ್ನಿಲೆ ಮಾತಾಡಾಕತ್ತಾಳೇನ್ ಬೇ ಆಪಾ?"

ಆಪಾ ಅದೇ ಪ್ರಶ್ನೆಯನ್ನು ಹಾಗೇ ಸ್ವಪ್ನಾ ಅವರಿಗೆ ಬರೆದು ಕಳಿಸಿ, ಕೆಳಗೆ "ನಮ್ಮ ಪಿಚ್ಚರ್ ನಿಮಗಿಲ್ಲ" ಎಂದು ಸೇರಿಸಿದರು. ಮ್ವಾಂಜಾಕ್ಕೆ, ರೆಹೆಮಾಗೆ ಫೋನು ಮಾಡಿದರು. ಇಬ್ಬರೂ ಅರ್ಧ ತಾಸು ಸ್ವಾಹಿಲಿಯಲ್ಲಿ ಯಾರನ್ನೋ ಚೆನ್ನಾಗಿ ಬೈದರು. ಅಲ್ಲೂ ದೊಡ್ಡ ಪಟ್ಟಣದ ಟೀವಿಯವರು ಮ್ವಾಂಜಾದ ಮಾತು ಕೇಳಿ ನಗುತ್ತಾರಂತೆ. ಆಮೇಲೆ ರೆಹೆಮಾ ಕಂಪನಿಯ ಹೆಸರಿನಲ್ಲಿ ದೂರು ಕೊಟ್ಟಳು. ಚಾನೆಲ್ಲಿನ ವಿಡಿಯೊ ಮೂರು ದಿನಕ್ಕೆ ಮಾಯವಾಯಿತು. ಫೋನಿನಿಂದ ಫೋನಿಗೆ ಹೋದದ್ದನ್ನು ಯಾರು ಅಳಿಸುತ್ತಾರೆ?

ಮುದುಕಮ್ಮ ಮಾತ್ರ ಪಟ್ಟು ಬಿಡಲಿಲ್ಲ. "ಬೆಂಗಳೂರಾಕಿ ಬ್ಯಾಡ, ನಾನೂ ಬ್ಯಾಡ. ಬಾಯಿ ಸತ್ತಾಕಿ ಮಾಡಿಬಿಡ್ರಿ ಆಕಿನ್ನ."

"ಒಂದು ಮಾತು ಕೇಳ್ತೀಯೇನ್ ಬೇ? ಅವರು ನೋಡಿದ್ದು ನಲವತ್ತು ಸೆಕೆಂಡು. ನಿಮ್ಮೂರಿಗಿ ಪೂರಾ ತೋರಸ್ತೀನಿ, ದೇವದುರ್ಗದಾಗ. ಆ ಜಾಗದಾಗ ಮಂದಿ ನಕ್ರ, ಅವತ್ತೇ ನಿನ್ನ ದನಿ ಅಳಸ್ತೀನಿ. ಅಲ್ಲಾನ ಆಣಿ."

ಮುದುಕಮ್ಮ ಸೆರಗು ಸಿಕ್ಕಿಸಿಕೊಂಡು ಎದ್ದಳು. "ಆತ್ರಿ" ಎಂದಳು. ಎಂಟು ಲಕ್ಷ ಜನ ಕಲಿತ ನಗೆಯನ್ನು ಒಂದು ಊರು ಮರೆತೀತೆ?

ಸಂತೆಯ ದಿನ ಬೆಳಿಗ್ಗೆ ಹನ್ನೊಂದಕ್ಕೆ ಷಾದಿಮಹಲ್‌ನಲ್ಲಿ ಆಟ. ಊರೆಲ್ಲ ಸಾರುವ ಕೆಲಸ ನನ್ನದು. "ಇಷ್ಟ್ ವರ್ಷ ನಗಿಸೀರಿ, ಈಗ ಕರೀರಿ" ಎಂದು ಆಪಾ ಕೈಗೆ ಮೈಕು ಕೊಟ್ಟರು. ಇಸ್ತ್ರಿಯ ಶರಟು ಹಾಕಿಕೊಂಡು, ಎರಡು ಧ್ವನಿವರ್ಧಕ ಕಟ್ಟಿದ ಆಟೋದಲ್ಲಿ ಕೂತು ದೇವದುರ್ಗದ ಓಣಿ ಓಣಿ ತಿರುಗಿದೆ. ಬಳೆ ಅಂಗಡಿಯ ಮುಂದೆ ನನ್ನ ಹಳೆಯ ವಿದ್ಯಾರ್ಥಿಯೊಬ್ಬ, "ಸರ್, ನೌಕರಿ ಹೋತೇನ್ರಿ?" ಎಂದು ನಿಜವಾದ ಕಾಳಜಿಯಿಂದ ಕೇಳಿದ.

ಮಂದಿ ಬಂದರು. ಹೆಂಗಸರು ಸಂತೆಯ ಚೀಲದ ಸಮೇತ ನೆಲದ ಮೇಲೆ, ಗಂಡಸರು ಗೋಡೆಗುಂಟ. ಮೌಲಾಸಾಬರು ಹೊರಗೆ ಜನರೇಟರಿಗೆ ಕಾವಲು. ಮುದುಕಮ್ಮ ಪರದೆಗೆ ಬೆನ್ನು ಮಾಡಿ, ಜನರ ಮುಂದಿಟ್ಟ ಪ್ರೊಜೆಕ್ಟರಿನ ಪಕ್ಕ, ಜನರ ಮುಖ ಕಾಣುವಂತೆ ನಿಂತಳು.

ಮುಕ್ಕಾಲು ತಾಸಿಗೆ ಗೇಟು ಬಂತು. ಹಲೀಮಾ ಸಂದೂಕ ಇಳಿಸಿ ಕೂತಳು. "ಎಲ್ಲಿಗಿ ಹೋಗಲೋ ಯಪ್ಪಾ? ಇಲ್ಲೇ ಕುಂದ್ರಾಕಿ ನಾ."

ಗೋಡೆಯ ಬದಿಯಿಂದ ಯಾವನೋ, ಮುಂದಿನ ಮಾತು ತಾನೇ ಹೇಳಿದ: "ಹಕ್ಕ ನಂದು!" ಅವನ ಜೊತೆಗೆ ನಾಲ್ಕೈದು ಜನ ಕಿಸಕ್ಕೆಂದರು.

ಮುದುಕಮ್ಮ ಆಪಾರ ಕಡೆ ತಿರುಗಿದಳು. ಆಪಾ ಪರದೆಯಿಂದ ಕಣ್ಣು ಕೀಳಲಿಲ್ಲ, ಅವರ ಹೆಬ್ಬೆರಳು ಗೆಣ್ಣಿನ ಮೇಲೆ ಓಡುತ್ತಿತ್ತು.

ನಡುವೆ ಕೂತಿದ್ದ ಬಡೇಬೀ ಎಂಬ ಮುದುಕಿ, ಸಂತೆಯಲ್ಲಿ ಒಣಮೆಣಸಿನಕಾಯಿ ಮಾರುವಾಕೆ, ಮೊಣಕಾಲ ಮೇಲೆ ಕೈಯೂರಿ ಎದ್ದು ನಿಂತಳು. "ಯಾವನಲೇ ಅವ ನಗಾಂವ? ಆಕಿ ಗಂಡ ಸತ್ತಾನ, ಕಾಣಂಗಿಲ್ಲೇನು? ನಿಮ್ಮವ್ವ ಹಿಂಗ ಕುಂತಾಗೂ ನಗ್ತೀಯೇನಲೇ? ಬಾಯಿ ಮುಚಗೊಂಡು ಕುಂದ್ರು, ಇಲ್ಲಂದ್ರ ಖಾರಪುಡಿ ತುರಕ್ತೀನಿ!"

ಗೋಡೆ ಸುಮ್ಮನಾಯಿತು. ಪರದೆಯ ಮೇಲೆ ಮಾಲೀಕ ಕಾರಿನ ಗಾಜು ಇಳಿಸಿ, ಅಂಥಾ ಮನಿಷ್ಯಾನ್ನ ನಾ ನೋಡೇ ಇಲ್ಲ ಎಂದ. "ಸುಳ್ಳ ಹೇಳ್ತಾನ!" ಎಂದು ಹೆಂಗಸೊಬ್ಬಳು ಕೂಗಿದಳು. "ಮೊನ್ನಿ ಕೈ ಮಾಡಿ ಕರ್ದು ಕೆಲಸ ಹೇಳ್ಯಾನಲ್ಲ, ಮರ್ತಾನೇನ್ ಭಾಡ್ಯಾ!" ಎಂದಳು ಇನ್ನೊಬ್ಬಳು. ಷಾದಿಮಹಲ್ ತುಂಬ ಬೈಗುಳ. ಬೆಂಗಳೂರಿಗೆ, ಪುಣೆಗೆ ಮಕ್ಕಳನ್ನು, ಗಂಡಂದಿರನ್ನು ದುಡಿಯಲು ಕಳಿಸಿದ ಆ ಮಂದಿ ಬೈಯುತ್ತಿದ್ದುದು ಮ್ವಾಂಜಾದ ಆ ಬಡಪಾಯಿ ನಟನನ್ನಷ್ಟೇ ಅಲ್ಲ. ನಾನೂ ಎದ್ದು ನಿಂತು ಒಂದು ಬೈದೆ. ವೇದಿಕೆಯ ಮೇಲೆ ಇಪ್ಪತ್ತು ವರ್ಷ ಆಡಿದ ಮಾತೇ ಅದು. ಯಾರೂ ನಗಲಿಲ್ಲ. ಅಷ್ಟು ಹಿತವಾದ ಸೋಲು ನನಗೆ ಬೇರೆ ಆಗಿಲ್ಲ.

ಸಿನಿಮಾ ಮುಗಿದಾಗ ಚಪ್ಪಾಳೆ ಬೀಳಲಿಲ್ಲ. ಜನ ಚೀಲ ಎತ್ತಿಕೊಂಡು ಗೊಣಗುತ್ತಾ, ಮಾಲೀಕನಿಗೆ ಇನ್ನೂ ಶಾಪ ಹಾಕುತ್ತಾ ಎದ್ದರು. ಮುದುಕಮ್ಮ ವಯರು ಸುತ್ತುತ್ತಿದ್ದಳು.

"ಏನ್ ಮಾಡ್ಲಿ ಬೇ? ಅಳಸ್ಲೇನು?" ಎಂದರು ಆಪಾ.

"ಇರಲಿ ಬಿಡ್ರಿ. ಆದ್ರ ಕಡೀಕ ಹೆಸರು ಬರ್ತಾವಲ್ಲ, ಅಲ್ಲಿ ನಂದು ಸಣ್ಣ ಅಕ್ಷರ ಅದ. ದೊಡ್ಡದು ಮಾಡ್ರಿ. ನಮ್ಮಣ್ಣನ ಹೆಸರೂ ಹಾಕ್ರಿ, ನನ್ನ ಹೆಸರಿನ ಬಾಜೂಕ. ದ್ಯಾವಪ್ಪ."

ಆಪಾ ಅಲ್ಲೇ ನೋಟ್‌ಬುಕ್ಕು ತೆಗೆದು ಬರೆದುಕೊಂಡರು.

ಅಷ್ಟರಲ್ಲಿ ಬಾಗಿಲ ಹತ್ತಿರ ಕಾದಿದ್ದ ಹಿರಿಯರೊಬ್ಬರು, ಯಮನೂರಪ್ಪ ಎಂದು ಹೆಸರು, ಕೋಲೂರಿಕೊಂಡು ಬಂದರು. ಸಿನಿಮಾ ಉದ್ದಕ್ಕೂ ಅವರನ್ನು ಕೊರೆಯುತ್ತಿದ್ದ ಸಂಶಯ ಒಂದೇ ಇತ್ತು.

"ತಂಗೀ, ಕತಿ ಖರೇ ಅದ, ತಿಳೀತು. ಆದ್ರ ಅಷ್ಟು ದೂರದ ಮಂದಿ, ಸಮುದ್ರದಾಚಿಯವರು. ನಮ್ಮ ಮಾತು ಇಷ್ಟು ಛಲೋ ಹ್ಯಾಂಗ ಆಡ್ತಾರವ್ವಾ?"

ನಿಗಾರ್ ಆಪಾ ಪ್ರೊಜೆಕ್ಟರಿನ ಮುಚ್ಚಳ ಹಾಕುತ್ತಾ ಹೇಳಿದರು:

"ಅವರು ಬೆಂಗಳೂರಾಗ ಇದ್ದು ಬಂದಿಲ್ರಿ ಯಪ್ಪಾ, ಅದಕ್ಕ."